ತಾತನ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಅಕ್ಷರ

ಪ್ರಯೋಗಶಾಲೆಯಲ್ಲಿ ಅಳತೆ ಮಾಡುವಾಗ ಆಗುವ ತಪ್ಪುಗಳನ್ನು ನಾವು ಎರಡು ಬಗೆಯಾಗಿ ವಿಂಗಡಿಸಿ ಪಾಠ ಹೇಳುತ್ತೇವೆ. ಉಪಕರಣದ ದೋಷದಿಂದ ಪ್ರತಿ ಸಲವೂ ಒಂದೇ ಕಡೆಗೆ ವಾಲುವ ತಪ್ಪು ಒಂದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾಗಿ ಬಂದು, ಹಲವು ಸಲ ಅಳೆದು ಸರಾಸರಿ ತೆಗೆದಾಗ ಬಹುಮಟ್ಟಿಗೆ ತೊಲಗುವ ತಪ್ಪು ಇನ್ನೊಂದು. ಇವೆರಡಕ್ಕೂ ಸೇರದ ಮೂರನೆಯ ತಪ್ಪೊಂದಿದೆ. ಅಳತೆ ಸರಿಯಾಗಿಯೇ ಇರುತ್ತದೆ, ಪುಸ್ತಕಕ್ಕೆ ಇಳಿಸುವಾಗ ಮಾತ್ರ 16 ಎಂಬುದು 61 ಆಗಿಬಿಡುತ್ತದೆ. ಇದಕ್ಕೆ ಸರಾಸರಿಯ ಮದ್ದು ನಾಟುವುದಿಲ್ಲ. ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲು ಮಾಡುತ್ತ ಹೋದಷ್ಟೂ ಆ ತಪ್ಪು ಬೇರು ಬಿಡುತ್ತದೆ. ನಾಲ್ಕು ಕಡೆ ಬರೆದಿದ್ದಾರೆ ಎಂಬ ಕಾರಣಕ್ಕೇ ಜನ ಅದನ್ನು ನಿಜವೆಂದು ನಂಬುತ್ತಾರೆ.

ಈ ಮೂರನೆಯ ತಪ್ಪು ಮಾಜಿ ಸೈನಿಕರ ಸೇವಾ ದಾಖಲೆಯಲ್ಲಿ ಸೇರಿಕೊಂಡರೆ ಏನಾಗುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದು ಈ ವಾರದ ವಿಷಯ. ಉತ್ತರ ಬೆಂಗಳೂರಿನವರಾದ ನಮಗೆ ಇದು ದೂರದ ಮಾತಲ್ಲ. ಯಲಹಂಕದಲ್ಲಿ 1963ರಿಂದ ವಾಯುನೆಲೆ ಇದೆ. ಜಾಲಹಳ್ಳಿಯಲ್ಲಿ ವಾಯುಪಡೆಯ ಕೇಂದ್ರವಿದೆ. ಸೇವೆ ಮುಗಿಸಿದ ಮೇಲೆ ಊರಿಗೆ ಹಿಂದಿರುಗದೆ ಯಲಹಂಕ, ವಿದ್ಯಾರಣ್ಯಪುರ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ಮನೆ ಕಟ್ಟಿಕೊಂಡವರು ಬಹಳ ಮಂದಿ. ಇಲ್ಲಿನ ಯಾವ ಶಾಲೆಯ ಯಾವ ತರಗತಿಯಲ್ಲಿ ಕೇಳಿದರೂ ‘ನಮ್ಮ ತಾತ ಮಿಲಿಟರಿಯಲ್ಲಿದ್ದರು’ ಎಂದು ಕೈಯೆತ್ತುವ ಮಕ್ಕಳು ಇದ್ದೇ ಇರುತ್ತಾರೆ.

ತಪ್ಪು ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಹಳ್ಳಿಯ ಹುಡುಗನೊಬ್ಬ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಸೇನೆಗೆ ಸೇರುತ್ತಾನೆ. ಅವನ ಹೆಸರು ಕನ್ನಡದಲ್ಲಿದೆ. ಬರೆದುಕೊಳ್ಳುವ ಗುಮಾಸ್ತ ಹಿಂದಿ ಅಥವಾ ಪಂಜಾಬಿ ಬಲ್ಲವನು. ಬರೆಯಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ನಮ್ಮ ಹ್ರಸ್ವ ದೀರ್ಘಗಳು, ನ ಮತ್ತು ಣ, ಲ ಮತ್ತು ಳ ಆ ಇಪ್ಪತ್ತಾರು ಅಕ್ಷರಗಳಿಗೆ ಹಿಡಿಸುವುದಿಲ್ಲ. ಮುನಿಯಪ್ಪ ಎಂಬ ಹೆಸರನ್ನು ವೈ ಅಕ್ಷರ ಹಾಕಿಯೂ ಬರೆಯಬಹುದು, ಹಾಕದೆಯೂ ಬರೆಯಬಹುದು. ಲಕ್ಷ್ಮಮ್ಮ ಎಂಬುದನ್ನು ಎಷ್ಟು ಬಗೆಯಲ್ಲಿ ಬರೆಯಬಹುದೆಂದು ನಿಮ್ಮ ತರಗತಿಯಲ್ಲೇ ಪ್ರಯೋಗ ಮಾಡಿ ನೋಡಿ. ಇನ್ನು ಇನಿಷಿಯಲ್ಲಿನ ಸಮಸ್ಯೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಮೊದಲಕ್ಷರಗಳಾಗಿ ಮುಂದೆ ನಿಲ್ಲುತ್ತವೆ. ಉತ್ತರದವರಿಗೆ ಮನೆತನದ ಹೆಸರು ಕೊನೆಯಲ್ಲಿ ಬೇಕು. ಹೀಗಾಗಿ ಒಂದು ಕಾಗದದಲ್ಲಿ ತಂದೆಯ ಹೆಸರು ಹಿಂದಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಊರಿನ ಹೆಸರೇ ಮನುಷ್ಯನ ಹೆಸರಾಗುತ್ತದೆ.

ಹುಟ್ಟಿದ ದಿನದ ಕಥೆ ಇನ್ನೂ ಸ್ವಾರಸ್ಯ. ಹಿಂದೆ ಹಳ್ಳಿಗಳಲ್ಲಿ ಜನನ ನೋಂದಣಿ ಅಪರೂಪ. ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಒಂದು ತಾರೀಖು ಬರೆಯುತ್ತಿದ್ದರು. ಶಾಲೆ ಶುರುವಾಗುವುದು ಜೂನ್‌ನಲ್ಲಿ; ಆದ್ದರಿಂದ ಎಷ್ಟೋ ಮಂದಿ ಜೂನ್ 1ರಂದೇ ಹುಟ್ಟಿದವರಾದರು! ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಆದರೆ ನಿಮ್ಮ ತಾತನ ಕಾಲಕ್ಕೆ ಮೇಷ್ಟರ ಅಂದಾಜೇ ಪ್ರಮಾಣ.

ಮೂರನೆಯದು ಹೆಂಡತಿಯ ಹೆಸರು. ಮದುವೆಯಾದ ಸೈನಿಕ ರಜೆ ಮುಗಿಸಿ ಹೋದ ಮೇಲೆ ಹೆಂಡತಿಯ ಹೆಸರನ್ನು ದಾಖಲೆಗೆ ಸೇರಿಸಬೇಕು. ಮನೆಯಲ್ಲಿ ಎಲ್ಲರೂ ಕರೆಯುವ ಹೆಸರನ್ನೇ ಬರೆಸಿರುತ್ತಾನೆ. ಲಗ್ನಪತ್ರಿಕೆಯಲ್ಲಿ ಬೇರೆ ಹೆಸರು, ಗಂಡನ ಮನೆಯವರು ಇಟ್ಟದ್ದು ಮತ್ತೊಂದು ಹೆಸರು.

ಇದರಿಂದ ಆಗುವ ಕಷ್ಟವೇನು? ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅವಳ ತಾತ ಸೇನೆಯಲ್ಲಿ ಹದಿನೇಳು ವರ್ಷ ದುಡಿದು ಪಿಂಚಣಿ ಪಡೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜಿಗೆ ಕುಟುಂಬ ಪಿಂಚಣಿ ಬರಬೇಕು. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ಪುಟ್ಟಮ್ಮ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮತದಾರರ ಪಟ್ಟಿ ಎಲ್ಲದರಲ್ಲೂ ಜಯಮ್ಮ. ಕೌಂಟರಿನಲ್ಲಿದ್ದವರು ಕೇಳಿದ ಪ್ರಶ್ನೆಯಲ್ಲಿ ದುರುದ್ದೇಶವೇನೂ ಇರಲಿಲ್ಲ: ‘ಪುಟ್ಟಮ್ಮ ಎಲ್ಲಿ? ನೀವು ಯಾರು?’ ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸು, ಗಂಡ ಹೋದ ಹದಿನೈದನೆಯ ದಿನ, ತಾನೇ ಅವನ ಹೆಂಡತಿ ಎಂದು ರುಜುವಾತು ಮಾಡಬೇಕಾಯಿತು. ಪ್ರಮಾಣಪತ್ರ, ಊರಿನ ಹಿರಿಯರ ಹೇಳಿಕೆ, ಪತ್ರಿಕೆಯಲ್ಲಿ ಪ್ರಕಟಣೆ, ರೆಕಾರ್ಡ್ ಆಫೀಸಿಗೆ ಪತ್ರ, ಅಲ್ಲಿಂದ ಉತ್ತರ, ಮತ್ತೆ ಪತ್ರ. ಪಿಂಚಣಿ ಕೈಗೆ ಬರುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಬಾಕಿ ಹಣ ಒಟ್ಟಿಗೆ ಬಂತು, ನಿಜ. ಆದರೆ ಆ ಏಳು ತಿಂಗಳು ಔಷಧಿ ಅಂಗಡಿಯವನಿಗೆ ಕೊಡಬೇಕಾದ ಹಣಕ್ಕೆ ಮೊಮ್ಮಗಳ ಶಾಲಾ ಫೀಸಿನ ಹಣ ಹೋಯಿತು. ತಾತ ಬದುಕಿದ್ದಾಗ ಅವರೇ ಒಂದು ಅರ್ಜಿ ಬರೆದಿದ್ದರೆ ಸಾಕ್ಷಿ ಹೇಳಲು ಅವರೇ ಇರುತ್ತಿದ್ದರು. ಈ ವಿಷಯದಲ್ಲಿ ಮುಖ್ಯ ಸಾಕ್ಷಿ ತೀರಿಕೊಂಡ ಮೇಲೆ ಮೊಕದ್ದಮೆ ಶುರುವಾಗುತ್ತದೆ, ಅದೇ ಇದರ ತೊಡಕು.

ಸಾಮಾನ್ಯ ಕುಟುಂಬ ಪಿಂಚಣಿ ಎಂದರೆ ಕೊನೆಯ ವೇತನದ ಶೇಕಡಾ 30. 2016ರ ಜನವರಿ 1ರಿಂದ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 9,000 ರೂಪಾಯಿಗೆ ನಿಗದಿ ಮಾಡಲಾಯಿತು, ತುಟ್ಟಿಭತ್ಯೆ ಬೇರೆ. ದೊಡ್ಡವರಿಗೆ ಇದು ಸಣ್ಣ ಮೊತ್ತವಾಗಿ ಕಾಣಬಹುದು. ಅಷ್ಟನ್ನೇ ನಂಬಿದ ಮನೆಗೆ ಸಣ್ಣದಲ್ಲ.

ತೊಂದರೆ ಮುದುಕರಿಗೆ ಮಾತ್ರವೆಂದು ತಿಳಿಯಬೇಡಿ. ತಂದೆ ಮಾಜಿ ಸೈನಿಕರಾಗಿದ್ದರೆ ಸಿಇಟಿಯಲ್ಲಿ ಮಕ್ಕಳಿಗೆ ಮೀಸಲು ಸೀಟುಗಳಿವೆ. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ 2006-07ರಿಂದ ಇದೆ. 2019-20ರಲ್ಲಿ ಅದನ್ನು ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿಗೆ ಏರಿಸಿದರು. ಇವಕ್ಕೆಲ್ಲ ಮಗುವಿನ ಹೆಸರು, ಹುಟ್ಟಿದ ದಿನ ತಂದೆಯ ಸೇವಾ ದಾಖಲೆಯಲ್ಲಿಯೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿಯೂ ಒಂದೇ ಆಗಿರಬೇಕು. ಸೇವಾ ದಾಖಲೆಯಲ್ಲಿ ‘ಚಿನ್ನಿ’ ಎಂದಿದ್ದು ಅಂಕಪಟ್ಟಿಯಲ್ಲಿ ‘ಸಹನಾ’ ಎಂದಿದ್ದರೆ, ಕೌನ್ಸೆಲಿಂಗಿನ ದಿನ ಅಳುವುದಷ್ಟೇ ಉಳಿಯುತ್ತದೆ.

ಬಡವರಿಗೆ, ಓದು ಬಾರದವರಿಗೆ ಮಾತ್ರ ಹೀಗಾಗುತ್ತದೆ ಎನ್ನುವವರಿಗೆ ಒಂದು ಪ್ರಸಿದ್ಧ ಉದಾಹರಣೆ. 2010ರ ಮಾರ್ಚ್ 31ರಂದು ಭೂಸೇನೆಯ ಮುಖ್ಯಸ್ಥರಾದ ಜನರಲ್ ವಿ.ಕೆ. ಸಿಂಗ್ ಅವರ ಹುಟ್ಟಿದ ವರ್ಷ ಸೇನೆಯ ಒಂದು ಶಾಖೆಯ ದಾಖಲೆಯಲ್ಲಿ 1951, ಇನ್ನೊಂದು ಶಾಖೆಯ ದಾಖಲೆಯಲ್ಲಿ 1950! ಮೆಟ್ರಿಕ್ ಪ್ರಮಾಣಪತ್ರದಲ್ಲಿ 1951ರ ಮೇ 10 ಎಂದಿತ್ತು. ಶಾಲಾ ಬಾಲಕನಾಗಿದ್ದಾಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಕ್ಕೆ ತುಂಬಿದ್ದ ಅರ್ಜಿಯಲ್ಲಿ 1950 ಎಂದು ಬರೆಯಲಾಗಿತ್ತು. ಸುಮಾರು ನಾಲ್ಕು ದಶಕ ಎರಡು ದಾಖಲೆಗಳೂ ಅಕ್ಕಪಕ್ಕದಲ್ಲಿ ಬದುಕಿದ್ದವು. ಕೊನೆಗೆ ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅವರು ನಿಜವಾಗಿ ಯಾವ ವರ್ಷ ಹುಟ್ಟಿದರು ಎಂಬುದು ಅಲ್ಲಿನ ಪ್ರಶ್ನೆಯಾಗಲಿಲ್ಲ. ಸರ್ಕಾರಿ ದಾಖಲೆಯಲ್ಲಿ ಯಾವುದನ್ನು ಮಾನ್ಯ ಮಾಡಬೇಕು ಎಂಬುದಷ್ಟೇ ಪ್ರಶ್ನೆಯಾಯಿತು. 2012ರ ಫೆಬ್ರುವರಿ 10ರಂದು ಅವರು ಅರ್ಜಿಯನ್ನು ಹಿಂದಕ್ಕೆ ಪಡೆದರು. ಅದೇ ಮೇ 31ರಂದು ನಿವೃತ್ತರಾದರು. ಶಾಲೆಯ ದಿನಗಳಲ್ಲಿ ತುಂಬಿದ ಅರ್ಜಿಯ ಒಂದು ಅಂಕಿ ದೇಶದ ಸೇನಾ ಮುಖ್ಯಸ್ಥರ ಕೊಠಡಿಯವರೆಗೂ ಹಿಂಬಾಲಿಸಿತು. ಅರ್ಜಿ ತುಂಬುವಾಗ ‘ಅವಸರ ಬೇಡ’ ಎಂದು ಮೇಷ್ಟರುಗಳು ಗದರಿಸುವುದು ಸುಮ್ಮನೆ ಅಲ್ಲ.

ತಪ್ಪನ್ನು ಹುಟ್ಟುವಾಗಲೇ ಹಿಡಿಯುವ ಉಪಾಯವಿಲ್ಲವೇ? ಅಂಕಿಗಳಿಗೆ ಇದೆ. ಭೂಸೇನೆಯವರ ನಂಬರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಬಹಳ ಮಂದಿ ಅದನ್ನು ಅಲಂಕಾರವೆಂದು ತಿಳಿದಿದ್ದಾರೆ. ಅದು ಕಾವಲುಗಾರ. 1999ರ ಕಾರ್ಗಿಲ್ ಯುದ್ಧದಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಮನೋಜ್ ಕುಮಾರ್ ಪಾಂಡೆಯವರ ನಂಬರು ಐಸಿ 56959 ಡಬ್ಲ್ಯು. ಈ ಐದು ಅಂಕಿಗಳನ್ನು ಎಡದಿಂದ ಕ್ರಮವಾಗಿ 6, 5, 4, 3, 2ರಿಂದ ಗುಣಿಸಿ: 30, 30, 36, 15, 18. ಕೂಡಿದರೆ 129. ಹನ್ನೊಂದರಿಂದ ಭಾಗಿಸಿದರೆ ಶೇಷ 8. ಈಗ ಎ, ಎಫ್, ಎಚ್, ಕೆ, ಎಲ್, ಎಂ, ಎನ್, ಪಿ, ಡಬ್ಲ್ಯು, ಎಕ್ಸ್, ವೈ ಎಂಬ ಹನ್ನೊಂದು ಅಕ್ಷರಗಳನ್ನು ಸೊನ್ನೆಯಿಂದ ಹತ್ತರವರೆಗೆ ಎಣಿಸಿ. 8ಕ್ಕೆ ಬರುವುದು ಡಬ್ಲ್ಯು. ಗುಮಾಸ್ತನ ಕೈತಪ್ಪಿ 56 ಎಂಬುದು 65 ಆಯಿತೆನ್ನಿ. ಮೊತ್ತ 130, ಶೇಷ 9, ಅಕ್ಷರ ಎಕ್ಸ್ ಬರಬೇಕು. ಕಾಗದದಲ್ಲಿ ಡಬ್ಲ್ಯು ಇದೆ. ತಪ್ಪು ಅಲ್ಲಿಯೇ ಸಿಕ್ಕಿಬಿತ್ತು!

ಹನ್ನೊಂದೇ ಏಕೆ? ಅದು ಅವಿಭಾಜ್ಯ ಸಂಖ್ಯೆ, ಹತ್ತಕ್ಕಿಂತ ದೊಡ್ಡದು. ಆದ್ದರಿಂದ ಒಂದು ಅಂಕಿ ಬದಲಾದರೂ, ಎರಡು ಅಂಕಿಗಳು ಸ್ಥಾನ ಅದಲುಬದಲಾದರೂ ಶೇಷ ಬದಲಾಗಲೇಬೇಕು. ಏಕೆಂದು ನೀವೇ ಸಾಧಿಸಿ ನೋಡಿ. ಹತ್ತನೆಯ ತರಗತಿಯ ಗಣಿತ ಸಾಕು. 2007ಕ್ಕೆ ಮುಂಚಿನ ಪುಸ್ತಕಗಳ ಹತ್ತಂಕಿಯ ಐಎಸ್‌ಬಿಎನ್ ಸಂಖ್ಯೆಯಲ್ಲೂ ಇದೇ ತಂತ್ರವಿತ್ತು. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯೂ ಇಂಥ ಕಾವಲುಗಾರನೇ, ಲೆಕ್ಕದ ವಿಧಾನ ಬೇರೆ.

ಆದರೆ ಗಮನಿಸಿ: ನಂಬರಿಗೆ ಕಾವಲಿದೆ, ಹೆಸರಿಗೆ ಇಲ್ಲ. ಪುಟ್ಟಮ್ಮ ಎಂಬ ಹೆಸರಿನ ಕೊನೆಗೆ ಯಾವ ಅಕ್ಷರ ಹಾಕಿದರೂ ಅದು ಜಯಮ್ಮನನ್ನು ಪತ್ತೆ ಮಾಡದು. ಅಲ್ಲಿ ಕಾವಲು ಕಾಯಬೇಕಾದವರು ಮನೆಯವರೇ.

ದಾಖಲೆ ತಪ್ಪಾಗುವುದಿರಲಿ, ದಾಖಲೆಯೇ ಇಲ್ಲವಾದರೆ? 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ಸೈನಿಕ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿತ್ತು. ಒಂದು ಕೋಟಿ ಅರುವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷ ಕಡತಗಳು ನಾಶವಾದವು. ಅವುಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ. ಬೆಂಕಿ ಆರಿಸಲು ಸುರಿದ ನೀರಿನಿಂದ ತೊಯ್ದ ಕಡತಗಳು ಬೂಷ್ಟು ಹಿಡಿಯತೊಡಗಿದವು. ಅವನ್ನು ಒಣಗಿಸಲು ಬಳಸಿದ್ದು ಬಾಹ್ಯಾಕಾಶ ಯಾತ್ರೆಯ ತಯಾರಿಗೆಂದು ಕಟ್ಟಿದ್ದ ನಿರ್ವಾತ ಕೋಣೆಯನ್ನು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲಿ ಕುದಿಯುತ್ತದೆ. ಗಾಳಿಯ ಒತ್ತಡವನ್ನು ಇನ್ನೂ ಇಳಿಸುತ್ತ ಹೋದರೆ ಬಿಸಿಯಿಲ್ಲದೆಯೇ ನೀರು ಆವಿಯಾಗುತ್ತದೆ. ಕಾಗದ ಸುಡುವುದಿಲ್ಲ, ಶಾಯಿ ಹರಡುವುದಿಲ್ಲ. ಪಾಠಪುಸ್ತಕದ ಒಂದು ಪುಟ ಎಷ್ಟೋ ಸೈನಿಕರ ಪಿಂಚಣಿಯನ್ನು ಉಳಿಸಿತು. ಪೂರಾ ಸುಟ್ಟುಹೋದವರ ವಿಷಯದಲ್ಲಿ ಸಂಬಳದ ಚೀಟಿ, ಆಸ್ಪತ್ರೆಯ ಪುಸ್ತಕ ಮೊದಲಾದ ಬೇರೆ ಬೇರೆ ಕಡೆಯ ಸಾಕ್ಷ್ಯಗಳನ್ನು ಜೋಡಿಸಿ ದಾಖಲೆ ಕಟ್ಟಿದರು. ಒಂದನ್ನೊಂದು ನೋಡಿ ಬರೆಯದ ಎರಡು ಕಾಗದಗಳು ಒಂದೇ ಮಾತು ಹೇಳಿದರೆ ಅದನ್ನು ನಂಬಬಹುದು. ವಿಜ್ಞಾನದ ನಿಯಮವೂ ಇದೇ, ದಾಖಲೆಯ ನಿಯಮವೂ ಇದೇ.

ನಮ್ಮ ಆರ್.ಟಿ. ನಗರದ ನೆರೆಯ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಈ ಕುದುರೆ ಸವಾರರಿದ್ದರು. ಅಲ್ಲಿ ಮಡಿದವರ ಹೆಸರುಗಳು ಕಲ್ಲಿನಲ್ಲಿವೆ. ಎಲ್ಲರಿಗೂ ಈ ಭಾಗ್ಯ ಸಿಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ಆಫ್ರಿಕ, ಏಷ್ಯಾದ ಸೈನಿಕರಲ್ಲಿ ಕನಿಷ್ಠ 1,16,000 ಮಂದಿಯ ಹೆಸರು ಎಲ್ಲಿಯೂ ಬರೆಯಲ್ಪಡಲಿಲ್ಲ, ಅಥವಾ ಅವರ ಸ್ಮರಣೆಯೇ ನಡೆಯಲಿಲ್ಲ ಎಂದು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ 2021ರಲ್ಲಿ ಒಪ್ಪಿಕೊಂಡಿತು. ಶತಮಾನ ಕಳೆದ ಮೇಲೆ ಆ ಪಟ್ಟಿ ತಿದ್ದುವ ಕೆಲಸ ನಡೆದಿದೆ. ಹೆಸರು ಸರಿಯಾಗಿ ಬರೆಯುವುದು ಸತ್ತವರಿಗೆ ಸಲ್ಲಿಸುವ ಗೌರವವೂ ಹೌದು.

ಈಗ ಮನೆಯಲ್ಲಿ ಮಾಡಬೇಕಾದ ಕೆಲಸ. ಒಂದು ಭಾನುವಾರ ಬೆಳಿಗ್ಗೆ ತಾತನ ಹತ್ತಿರ ಕುಳಿತುಕೊಳ್ಳಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶವಾದ ಪಿಪಿಒ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಅಜ್ಜಿಯ ಆಧಾರ್ ಇವನ್ನು ಹರಡಿ. ಒಂದು ಹಾಳೆಯಲ್ಲಿ ಅಡ್ಡ ಗೆರೆ, ಉದ್ದ ಗೆರೆ ಎಳೆದು ಕೋಷ್ಟಕ ಮಾಡಿ. ಪ್ರತಿ ದಾಖಲೆಗೂ ಒಂದು ಸಾಲು. ಹೆಸರು, ಹುಟ್ಟಿದ ದಿನ, ಹೆಂಡತಿಯ ಹೆಸರು, ಅವರ ಹುಟ್ಟಿದ ದಿನ, ಮಕ್ಕಳ ಹೆಸರುಗಳಿಗೆ ಒಂದೊಂದು ಅಂಕಣ. ಅಕ್ಷರಕ್ಕೆ ಅಕ್ಷರ ನಕಲು ಮಾಡಿ. ವ್ಯತ್ಯಾಸ ಇದ್ದಲ್ಲಿ ಕೆಂಪು ಗುರುತು ಹಾಕಿ. ಇದು ವಿಜ್ಞಾನದ ಪ್ರಾಕ್ಟಿಕಲ್ ರೆಕಾರ್ಡಿಗಿಂತ ಕಷ್ಟದ್ದೇನಲ್ಲ.

ಕೆಂಪು ಗುರುತು ಬಿದ್ದರೆ ಹೋಗಬೇಕಾದದ್ದು ಎಲ್ಲಿಗೆ? ಸೇವಾ ದಾಖಲೆ ಇರುವುದು ಆಯಾ ರೆಜಿಮೆಂಟ್ ಅಥವಾ ವಿಭಾಗದ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ, ಪ್ಯಾರಾಶೂಟ್ ರೆಜಿಮೆಂಟಿನವರಿಗೆ ಅದು ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್, ವಾಯುಪಡೆಯ ಏರ್‌ಮನ್‌ಗಳಿಗೆ ದೆಹಲಿಯ ಸುಬ್ರೊತೊ ಪಾರ್ಕ್. ಅಲ್ಲಿ ತಿದ್ದುಪಡಿ ಒಪ್ಪಿಗೆಯಾದರೆ ಭೂಸೇನೆಯಲ್ಲಿ ‘ಪಾರ್ಟ್ ಟು ಆರ್ಡರ್’ ಹೊರಡುತ್ತದೆ. ಅದರ ಆಧಾರದ ಮೇಲೆ ಪ್ರಯಾಗರಾಜದ ರಕ್ಷಣಾ ಪಿಂಚಣಿ ಕಚೇರಿ ಪಿಪಿಒ ತಿದ್ದುತ್ತದೆ. ಈಗ ‘ಸ್ಪರ್ಶ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದಿರುವುದರಿಂದ ಪಿಂಚಣಿದಾರರು ತಮ್ಮ ವಿವರಗಳನ್ನು ಅದರಲ್ಲೇ ನೋಡಬಹುದು. ತಾತನಿಗೆ ಪರದೆ ಕಾಣದಿದ್ದರೆ ಓದಿ ಹೇಳುವುದು ಮೊಮ್ಮಕ್ಕಳ ಕೆಲಸ.

ಅರ್ಜಿಯ ಜೊತೆ ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ, ಮದುವೆ ಅಥವಾ ಶಾಲೆಯ ದಾಖಲೆ, ಕೆಲವು ಸಲ ಪತ್ರಿಕಾ ಪ್ರಕಟಣೆ ಬೇಕಾಗುತ್ತವೆ. ಯಾವುದು ಬೇಕೆಂದು ಮೊದಲು ಪತ್ರ ಬರೆದು ಕೇಳಿ, ಆಮೇಲೆ ಖರ್ಚು ಮಾಡಿ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಮಾರ್ಗದರ್ಶನ ಮಾಡುತ್ತಾರೆ. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. ಸೇವಾ ದಾಖಲೆಯಲ್ಲಿ ಏನಿದೆ ಎಂಬುದೇ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ನ್ಯಾಯವಾದ ಬೇಡಿಕೆ ತಿರಸ್ಕೃತವಾದರೆ 2007ರ ಕಾಯಿದೆಯಂತೆ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತದೆ.

ಒಂದು ಎಚ್ಚರಿಕೆ. ಹೆಂಡತಿ ಮಕ್ಕಳ ಹೆಸರು, ಅವರ ಜನ್ಮದಿನ ತಿದ್ದಿಸುವುದು ಸಾಧ್ಯ. ಸೈನಿಕನ ಸ್ವಂತ ಜನ್ಮದಿನವನ್ನು ನಿವೃತ್ತಿಯ ಅಂಚಿನಲ್ಲಿ ಅಥವಾ ಆನಂತರ ಬದಲಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂಥಲ್ಲಿ ಸೇವಾ ದಾಖಲೆಯನ್ನು ಹಾಗೆಯೇ ಬಿಟ್ಟು ಆಧಾರ್ ಮೊದಲಾದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಹಾಗೆ ಹೊಂದಿಸುವಾಗಲೂ ಆಧಾರವಾದ ಕಾಗದ ಇರಬೇಕು. ಡಿಸ್ಚಾರ್ಜ್ ಬುಕ್ಕಿನಲ್ಲಿ ಬ್ಲೇಡಿನಿಂದ ಕೆರೆದು, ಪೆನ್ನಿನಿಂದ ತಿದ್ದುವ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಅದುವರೆಗೆ ಬರಿಯ ತಪ್ಪಾಗಿದ್ದದ್ದು ಅಂದಿನಿಂದ ಅಪರಾಧವಾಗುತ್ತದೆ. ತಪ್ಪು ಯಾರದ್ದೆಂದು ಗುಮಾಸ್ತರೊಡನೆ ಜಗಳವಾಡುವುದರಿಂದಲೂ ಕೆಲಸವಾಗದು. ಕಾಗದಕ್ಕೆ ಕಾಗದದಿಂದಲೇ ಉತ್ತರ ಕೊಡಬೇಕು. ಕಳಿಸಿದ ಪ್ರತಿಯೊಂದು ಪತ್ರದ ನಕಲನ್ನೂ ಅಂಚೆಯ ರಸೀದಿಯನ್ನೂ ಒಂದೇ ಫೈಲಿನಲ್ಲಿಡಿ.

ವಿದ್ಯಾರ್ಥಿ ಮಿತ್ರರೇ, ಕೊನೆಯ ಮಾತು ನಿಮಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ನಿಮ್ಮ ಹೆಸರು, ತಂದೆತಾಯಿಯ ಹೆಸರು, ಜನ್ಮದಿನಗಳ ಪಟ್ಟಿಯನ್ನು ತೋರಿಸಿ ಸಹಿ ಹಾಕಿಸುತ್ತಾರೆ. ಬಹಳ ಹುಡುಗರು ಗೆಳೆಯರೊಡನೆ ಮಾತಾಡುತ್ತ ಸಹಿ ಎಳೆದುಬಿಡುತ್ತಾರೆ. ಅಂದು ಐದು ನಿಮಿಷ ಸುಮ್ಮನೆ ನಿಂತು, ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಓದಿ. ಅದು ನಿಮ್ಮ ಬದುಕಿನ ಮೊದಲ ಸೇವಾ ದಾಖಲೆ. ಅದರಲ್ಲಿ ತಪ್ಪಿದ್ದರೆ ಅಂದು ತಿದ್ದಲು ಒಂದು ಪೆನ್ನು ಸಾಕು. ನಲವತ್ತು ವರ್ಷದ ನಂತರವಾದರೆ ಒಂದು ಕೋರ್ಟೂ ಸಾಲದು.